ಅಧ್ಯಯನದ ಮಗಳು

ಸಮಾಜ ಅಧ್ಯಯನ ಇಲಾಖೆಯವರು ಮನೆಗೊಬ್ಬರಂತೆ ವೀಕ್ಷಕರನ್ನು ಕಳಿಸುತ್ತಾರೆ. ಬಂದವರು ಮನೆಯವರಾಗಿಯೇ ಬದುಕಿ, ಕಂಡದ್ದನ್ನೆಲ್ಲ ಬರೆದುಕೊಂಡು, ಅವಧಿ ಮುಗಿದೊಡನೆ ಹೊರಟುಬಿಡುತ್ತಾರೆ. ಒಂಟಿ ಗಂಗವ್ವನ ಮನೆಗೆ ಶೈಲಾ ಮಗಳಾಗಿ ಬಂದು ವರ್ಷಗಳೇ ಆಗಿದ್ದವು. ಇವತ್ತು ಅವಳ ಅವಧಿ ಮುಗಿದಿತ್ತು.

ಇಲಾಖೆಯ ಜೀಪು ಬಾಗಿಲಿಗೆ ಬಂದಾಗ ಗಂಗವ್ವ ಕಟ್ಟೆಯ ಮೇಲೆ ಕೂತು ಶೈಲಾಳ ಜಡೆ ಹೆಣೆಯುತ್ತಿದ್ದಳು.

“ನಮ್ಮನಿ ಬಗ್ಗೆ ಏನಂತ ಬರದಿಯವಾ?”

“ಮಕ್ಕಳಿಲ್ಲದ ಮನಿ ಅಂತ.” ಶೈಲಾ ತಲೆ ತಗ್ಗಿಸಿದಳು. “ನೋಡಾಕ ಬಂದಾಕಿ ತನ್ನನ್ನ ಲೆಕ್ಕಕ್ಕ ಹಿಡಿಯಂಗಿಲ್ಲವ್ವ. ಹಿಡದ್ರ ಅಧ್ಯಯನ ಕೆಡತೈತಿ.”

ಗಂಗವ್ವ ಜಡೆಯ ತುದಿಗೆ ಟೇಪು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಹೊರಗೆ ಹಾರ್ನ್ ಕೂಗಿತು.

“ಹಂಗಾರ ಇಷ್ಟು ವರ್ಷ ನಾ ಯಾರ ತಲಿ ಬಾಚೀನವಾ?”