ಬಿಸಿಯಾಗಿದ್ದ ಬಾನೆಟ್

ಯಜಮಾನರು ಮೂರನೇ ಸಲ ಕೀ ತಿರುಗಿಸಿದರು. ಎಂಜಿನ್ ಶುರುವಾಯಿತು... ಕೆಮ್ಮಿತು... ಇಡೀ ಕಾರು ಒಮ್ಮೆ ನಡುಗಿ, ನಿಂತುಹೋಯಿತು.

ಹಿಂದಿನ ಬಸ್ಸಿನವನು ಹಾರ್ನ್ ಮೇಲಿಟ್ಟ ಕೈ ತೆಗೆಯಲಿಲ್ಲ.

"ಜವರಯ್ಯ ಇದ್ದಾಗ ಹಿಂಗಾಗ್ತಿರ್ಲಿಲ್ಲ ಕಣೋ," ಹಿಂದಿನ ಸೀಟಿನಿಂದ ತಾಯಿ ಅಂದರು.

"ಅವನ ಹೆಸರು ಎತ್ಬೇಡಮ್ಮ."

ಹಾಸನದ ಡಿಸೆಂಬರ್ ಚಳಿ. ಏಳೂವರೆಗೆ ತಾಯಿಗೆ ಡಯಾಲಿಸಿಸ್. ವಾರಕ್ಕೆ ಎರಡು ಸಲ, ಎರಡು ವರ್ಷದಿಂದ... ಒಂದು ದಿನವೂ ತಡವಾಗಿರಲಿಲ್ಲ. ಆದರೆ ಈ ತಿಂಗಳಲ್ಲಿ ತಡವಾಗುತ್ತಿರುವುದು ಇದು ನಾಲ್ಕನೇ ಸಲ.

ಯಜಮಾನರು ಊರಿನಲ್ಲಿ ಹೆಸರಿರುವ ಹಾರ್ಡ್‌ವೇರ್ ವ್ಯಾಪಾರಿ. ಜವರಯ್ಯ ಆರು ವರ್ಷ ಅವರ ಡ್ರೈವರ್ ಆಗಿದ್ದ. ತಿಂಗಳ ಹಿಂದೆ ಅವನನ್ನು ಕೆಲಸದಿಂದ ತೆಗೆದಿದ್ದರು.

ಕಾರಣ... ಬಿಸಿಯಾಗಿದ್ದ ಒಂದು ಬಾನೆಟ್.

ಅವತ್ತು ವಾಕಿಂಗ್ ಮುಗಿಸಿ ಬರುವಾಗ ಕಾರು ಬೀದಿಯ ಕೊನೆಯಲ್ಲಿ ನಿಂತಿತ್ತು, ಪಕ್ಕದಲ್ಲಿ ಜವರಯ್ಯ. ಇನ್ನೂ ಆರೂ ಮುಕ್ಕಾಲು. ಬಾನೆಟ್ ಮುಟ್ಟಿ ನೋಡಿದರು.

"ಇಷ್ಟೊತ್ತಿಗೇ ಎಲ್ಲಿಗೋ ಹೋಗಿದ್ದೆ? ನನ್ ಗಾಡೀಲಿ ಬಾಡಿಗೆ ಹೊಡೀತಿದೀಯಾ?"

"ಇಲ್ಲ ಸಾರ್, ಗಾಡಿ ತಣ್ಣಗಿದ್ದಾಗ..."

"ಕಥೆ ಹೇಳ್ಬೇಡ. ಬಾನೆಟ್ಟೇ ಹೇಳ್ತಿದೆಯಲ್ಲ. ಕೀ ಕೊಡು."

ಹಾಲಿನವನು, ಎದುರು ಮನೆಯವರು, ಇಸ್ತ್ರಿ ಅಂಗಡಿಯವನು... ಎಲ್ಲರೂ ನೋಡುತ್ತಿದ್ದರು. ಜವರಯ್ಯ ಕೀ ಕೊಟ್ಟು, ನಡೆದುಕೊಂಡೇ ಹೋದ.

ಅದರ ಮರುದಿನದಿಂದಲೇ ಕಾರು ಬೆಳಗಿನ ಹೊತ್ತು ಹೀಗೆ ಹಟ ಹಿಡಿಯತೊಡಗಿತ್ತು. ಸರ್ವಿಸ್ ಸೆಂಟರ್‌ಗೆ ಮೂರು ಸಲ ತೋರಿಸಿದ್ದಾಯಿತು. ಪ್ಲಗ್ ಬದಲಾಯಿತು, ಬ್ಯಾಟರಿ ಬದಲಾಯಿತು. ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತಿತ್ತು... ಬಿಸಿಯಾದ ಮೇಲೆ ಅದಕ್ಕೆ ಯಾವ ಕಾಯಿಲೆಯೂ ಇರುತ್ತಿರಲಿಲ್ಲ.

ಯಾರೋ ಹೇಳಿದರೆಂದು ಇಲಿಯಾಸ್ ಎಂಬ ಹಳೆಯ ಮೆಕ್ಯಾನಿಕ್ ಬಳಿ ಹೋದರು.

"ಕೊನೆಗೂ ತಂದ್ರಲ್ಲ ಸಾರ್ ಈ ಗಾಡೀನ," ಅಂದರು ಇಲಿಯಾಸ್. ಯಜಮಾನರು ಫೋನಿನಲ್ಲಿದ್ದರು. ಆ ಮಾತು ಕಿವಿಗೆ ಬೀಳಲಿಲ್ಲ.

ಫೋನ್ ಇಟ್ಟ ಮೇಲೆ ವಿಷಯ ಹೇಳಿದರು. ಇಲಿಯಾಸ್ ನಕ್ಕರು.

"ಜ್ವರ ಇಳಿದ ಮೇಲೆ ಡಾಕ್ಟ್ರ ಹತ್ರ ಕರ್ಕೊಂಡು ಬಂದ್ರೆ ಅವರಿಗೇನ್ ಗೊತ್ತಾಗುತ್ತೆ ಸಾರ್? ಗಾಡಿ ಇಲ್ಲೇ ಬಿಟ್ಟು ಹೋಗಿ. ಬೆಳಿಗ್ಗೆ ನಾನು ಬರೋವರೆಗೆ ಅದನ್ನ ಯಾರೂ ಸ್ಟಾರ್ಟ್ ಮಾಡಬಾರದು. ನೀವೂ ಬನ್ನಿ, ತೋರಿಸ್ತೀನಿ."

ಮರುದಿನ ಬೆಳಿಗ್ಗೆ ಬಾನೆಟ್ ಮೇಲೆ ಇಬ್ಬನಿ ಕೂತಿತ್ತು. ಇಲಿಯಾಸ್ ಎಂಜಿನ್ ಸ್ಟಾರ್ಟ್ ಮಾಡದೆ, ಕೀಯನ್ನು ಅರ್ಧಕ್ಕೆ ತಿರುಗಿಸಿ ಸ್ಕ್ಯಾನರ್ ಸಿಕ್ಕಿಸಿದರು.

ಪರದೆಯ ಮೇಲೆ... ಎಂಬತ್ತಾರು ಡಿಗ್ರಿ.

"ನೋಡಿದ್ರಾ? ರಾತ್ರಿಯೆಲ್ಲ ಚಳೀಲಿ ನಿಂತಿರೋ ಎಂಜಿನ್, ಕುದೀತಾ ಇದೀನಿ ಅಂತಿದೆ. ಶಾಖ ಅಳೆಯೋ ಸೆನ್ಸರ್ ಕೆಟ್ಟಿದೆ. ತಣ್ಣಗಿದ್ದಾಗ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು. ಬಿಸಿ ಇದೆ ಅಂತ ನಂಬ್ಕೊಂಡು ಗಾಡಿ ಕಮ್ಮಿ ಕೊಡುತ್ತೆ. ಅದಕ್ಕೇ ತಡವರಿಸಿ ನಿಲ್ಲೋದು."

"ಯಾವಾಗಿಂದ ಕೆಟ್ಟಿದೆ?"

"ಒಂದು ವರ್ಷದ ಮೇಲಾಯ್ತು. ಜವರಯ್ಯ ಬಂದು ಹೇಳಿದ್ದ. ಅಮ್ಮಾವ್ರು ಕೂತಿದ್ದಾಗ ಸರ್ಕಲ್ ಮಧ್ಯ ಗಾಡಿ ಒಂದ್ಸಲ ನಿಂತು, ಪಾಪ, ಅವರು ತುಂಬಾ ಹೆದರಿದ್ರಂತೆ. ಒಂದು ರಾತ್ರಿ ಗಾಡಿ ಬಿಡು ಅಂದೆ. ಯಜಮಾನ್ರನ್ನ ಕೇಳ್ತೀನಿ ಅಂದವನು ಮತ್ತೆ ಬಂದು, ಅವರಿಗೆ ಪುರುಸೊತ್ತಿಲ್ಲ, ಬಿಸಿಯಾದ್ಮೇಲೆ ಸರಿಯಾಗಿ ಓಡುತ್ತಲ್ಲ ಭಾಯ್, ನಾನೇ ಅರ್ಧ ಗಂಟೆ ಮೊದ್ಲು ಬಂದು ಬಿಸಿ ಮಾಡ್ಕೋತೀನಿ ಬಿಡು ಅಂದ."

ಇಲಿಯಾಸ್ ವೈರು ಸುತ್ತಿಡುತ್ತಾ ಅಂದರು, "ಮನೆಯವರಿಗೆ ನಿದ್ದೆ ಕೆಡುತ್ತೆ ಅಂತ ಗಾಡೀನ ಬೀದಿ ಕೊನೆವರೆಗೂ ತಳ್ಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡ್ತಿದ್ದನಂತೆ."

ಯಜಮಾನರು ಬಾನೆಟ್ ಮೇಲೆ ಕೈಯಿಟ್ಟರು. ಮಂಜಿನಷ್ಟು ತಣ್ಣಗಿತ್ತು.

ಹೊಸ ಸೆನ್ಸರ್ ಹಾಕಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ಜವರಯ್ಯ ಈಗ ಒಂದು ಶಾಲೆಯ ವ್ಯಾನ್ ಓಡಿಸುತ್ತಿದ್ದ. ಗ್ಯಾರೇಜಿನಿಂದ ನೇರವಾಗಿ ಆ ಶಾಲೆಗೇ ಹೋದರು. ಅವನು ವ್ಯಾನಿನ ಗಾಜು ಒರೆಸುತ್ತಿದ್ದ.

"ಅಮ್ಮಾವ್ರು ಹೆಂಗವ್ರೆ ಸಾರ್?" ಮೊದಲು ಕೇಳಿದ್ದು ಅವನೇ.

"ನಿನ್ನನ್ನೇ ಕೇಳ್ತಿರ್ತಾರೆ..." ಯಜಮಾನರು ಇನ್ನೂ ಹತ್ತಿರ ಬಂದರು. "ಇಲಿಯಾಸ್ ಎಲ್ಲ ಹೇಳಿದ್ರು. ನನಗ್ಯಾಕೆ ಹೇಳ್ಲಿಲ್ಲ ಜವರಯ್ಯ?"

"ಹೇಳಿದ್ದೆ ಸಾರ್. ಎರಡು ಸಲ. ನೀವು ಫೋನಲ್ಲಿದ್ರಿ. ಕೈ ಹಿಂಗಂದ್ರಿ." ಅವನು ನೊಣ ಓಡಿಸುವಂತೆ ಕೈ ಬೀಸಿ ತೋರಿಸಿದ. ಕೋಪವಿರಲಿಲ್ಲ.

"ತಪ್ಪಾಯ್ತಪ್ಪ. ನಾಳೆಯಿಂದ ಬಾ. ಬೀದಿಯವರ ಎದುರು ನಿನ್ನನ್ನ ಬೈದೆ, ಅವರೆಲ್ಲರ ಎದುರೇ ನಂದು ತಪ್ಪು ಅಂತೀನಿ." ಯಜಮಾನರು ಕಾರಿನ ಕೀ ಮುಂದೆ ಹಿಡಿದರು.

ಜವರಯ್ಯ ಕೀಯನ್ನು ನೋಡಿದ. ಬಟ್ಟೆಯನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡ.

"ಬೇಗ ಬರ್ಬೇಕು ಅಂತ ದಿನಾ ತಿಂಡಿ ಬಿಟ್ಟು ಬತ್ತಿದ್ದೆ ಸಾರ್. ಅವತ್ತು ನನ್ ಮಗ್ಳು ಕಾಲೇಜಿಗೆ ಹೋಗ್ತಾ ಡಬ್ಬಿ ಕೊಡೋಕೆ ಬಂದಿದ್ಲು. ಇಸ್ತ್ರಿ ಅಂಗಡಿ ಹತ್ರ ನಿಂತಿದ್ಲು, ನೀವು ನೋಡ್ಲಿಲ್ಲ."

ಜವರಯ್ಯ ವ್ಯಾನಿನ ಗಾಜಿನ ಮೇಲೆ ಉಳಿದಿದ್ದ ಕಲೆಯೊಂದನ್ನು ಬೆರಳಿನಿಂದ ಒರೆಸಿದ.

"ಸಂಜೆ ಮನೇಲಿ ಅವಳು ಏನೂ ಕೇಳ್ಲಿಲ್ಲ. ಇವತ್ತಿಗೂ ಕೇಳಿಲ್ಲ. ಕೇಳಿದ್ರೆ ಹೇಳ್ಬೋದಿತ್ತು..."

ಯಜಮಾನರ ಕಣ್ಣು ತುಂಬಿಬಂದಿತ್ತು. ಚಾಚಿದ ಕೈ ಹಾಗೇ ಇತ್ತು.

"ನಾನು ಬರಲ್ಲ ಸಾರ್," ಅಂದ ಜವರಯ್ಯ.

*

ತೀರ್ಪು ಕೊಡುವ ಮೊದಲು ಕೇಳಬೇಕಾದ ಒಂದು ಮಾತನ್ನು, ಆಮೇಲೆ ಕೇಳುವ ಯಾವ ಕ್ಷಮೆಯೂ ತುಂಬಿಕೊಡುವುದಿಲ್ಲ.

ನಿಮ್ಮ ಬೆಳಗು ಸಲೀಸಾಗಿ ಶುರುವಾಗಲೆಂದು ನಿಮಗಿಂತ ಮೊದಲೇ ಎದ್ದು ಬರುವವರೊಬ್ಬರು ಇದ್ದಾರಲ್ಲ... ಅವರು ಹೇಳಲು ಬಂದ ಮಾತನ್ನು ನೀವು ಕೊನೆಯ ಸಲ ಪೂರ್ತಿ ಕೇಳಿಸಿಕೊಂಡದ್ದು ಯಾವಾಗ?