ಅಂಗೈ

"ನಂಬರ್ ಯೋಳಮ್ಮ," ಎಂದು ಡೈರಿಯ ಸುಬ್ರಮಣಿ ಎರಡನೇ ಸಲ ಕೇಳಿದಾಗಲೂ ವನಿತಾ ಹಾಲಿನ ಕ್ಯಾನು ಹಿಡಿದು ನೆನಪಿಗಾಗಿ ತಡಕಾಡುತ್ತಿದ್ದಳು. ಆರು ವರ್ಷದಿಂದ ಹಾಲು ಹಾಕುವಾಗ ದಿನಕ್ಕೆರಡು ಸಲ ಹೇಳುತ್ತಿದ್ದ ತನ್ನ ಸದಸ್ಯ ನಂಬರು. ತನಗೆ ಕೊರೊನಾ ಬಂದು ಹೋದಮೇಲೆ ಹೀಗೇ, ಇದ್ದಕ್ಕಿದ್ದಂತೆ ತಲೆ ಬರಿದಾಗುತ್ತಿತ್ತು. ಅತ್ತೆಗೆ ಗೊತ್ತಾದರೆ, ನಿನ್ನ ಕೈಲಾಗದು ಎಂದು ಹಸುವನ್ನೇ ಮಾರಿಸುತ್ತಿದ್ದರು. ಆ ಮನೆಯಲ್ಲಿ ಅವಳದೆಂದು ಇದ್ದದ್ದು ಅದೊಂದೇ.

"ನಂಬರ್ನೂ ಅಸೂಗೆ ಮೇಯ್ಸ್‌ಬುಟ್ಯೇನೇ? ಬಂಗಾರಪೇಟೆ ಬಸ್ ಬತ್ತದೆ, ಸರಿ ಅತ್ಲಾಗೆ," ಎಂದು ಹಿಂದಿದ್ದ ಅಮ್ಮಾಜಮ್ಮ ರೇಗಿದಳು. ಸಾಲೆಲ್ಲ ನಕ್ಕಿತು.

ಅಮ್ಮಾಜಮ್ಮ ಮುಂದೆ ಬಂದು, ಸೆರಗಿನ ಮರೆಯಲ್ಲಿ ಎಡಗೈ ಬಿಡಿಸಿ ನೋಡಿಕೊಂಡು, "ನೂರಾ ಅನ್ನೆರ್ಡು" ಎಂದಳು. ಅಂಗೈಯಲ್ಲಿ ಅದನ್ನೇ ನೀಲಿ ಶಾಯಿಯಲ್ಲಿ ಬರೆದಿತ್ತು. ವನಿತಾ ಅದನ್ನು ಕಂಡಳು.

ಹಾಲು ಸುರಿದು ತಿರುಗುವಾಗ ಅಮ್ಮಾಜಮ್ಮ ಪಿಸುಗುಟ್ಟಿದಳು: "ನಂಗೂ ಆ ಜ್ವರ ಬಂದಾಗಿಂದ ಇಂಗೇ ಕಣೇ. ಬಾಲ್‌ಪೆನ್ನಲ್ಲಿ ಬರ್ಕೋ. ಸ್ಕೆಚ್‌ಪೆನ್ನಾದ್ರೆ ಅಸು ಕರ್ಯೋವಾಗ್ಲೇ ಅಳ್ಸೋಯ್ತದೆ."