ಹತ್ತು ಸೆಂಟಿನ ಪೆಪ್ಪರಮಿಂಟು

ಡಾಲರೇ ನಾಡಿನ ಹಣವಾದ ಮೇಲೆ ನಮ್ಮ ಕೇಂದ್ರ ಬ್ಯಾಂಕಿಗೆ ಉಳಿದದ್ದು ಚಿಲ್ಲರೆಗಾಗಿ ಪೆಪ್ಪರಮಿಂಟು ಅಚ್ಚೊತ್ತುವ ಅಧಿಕಾರ ಮಾತ್ರ. ಸಂಜೆಯೊಳಗೆ ಹುಬ್ಬಳ್ಳಿಯ ಪೇಟೆ ಅದನ್ನು ಹಣವೆಂದು ಒಪ್ಪದಿದ್ದರೆ ಬ್ಯಾಂಕಿಗೇ ಬೀಗ. ಗವರ್ನರ್ ಹಂಪಿಹೊಳಿಯವರು ಹೂವಿನ ಫಕೀರವ್ವನ ಮುಂದೆ ಹತ್ತು ಸೆಂಟಿನ ಪೆಪ್ಪರಮಿಂಟನ್ನು ಚಾಚಿದರು.

ಫಕೀರವ್ವ ಅದನ್ನು ಬಾಯಿಗೆ ಹಾಕಿಕೊಂಡಳು.

"ಯವ್ವಾ, ತಿನಬ್ಯಾಡ! ಅದು ರೊಕ್ಕ!"

"ಗೊತ್ತೈತಿ ಬಿಡ್ರಿ ಸಾಹೇಬ್ರ. ನೆಕ್ಕಿ ನೋಡದ ರೊಕ್ಕ ತಗೋತಾರೇನು? ಸಕ್ಕರಿ ಕಡಿಮಿದ್ರ ಖೋಟಾ."

ಅವಳು ಅದನ್ನು ಹೊರತೆಗೆದು, ಸೆರಗಿನಲ್ಲಿ ಒರೆಸಿ ಡಬ್ಬಿಗೆ ಹಾಕಿದಳು. ಒಂದು ಮೊಳ ಮಲ್ಲಿಗೆ ಅಳೆದುಕೊಟ್ಟು, ಅದೇ ಡಬ್ಬಿಯಿಂದ ಐದು ಸೆಂಟಿನದೊಂದನ್ನು ಹಿಂದಿರುಗಿಸಿದಳು.

"ಹಿಡೀರಿ ಚಿಲ್ಲರ. ಮುಂಜಾನಿಂದ ಮೂರು ಕೈ ದಾಟೈತಿ. ಮೂರೂ ಮಂದಿ ನೆಕ್ಕ್ಯಾರ, ಖರೇ ಐತಿ."

ಗವರ್ನರರು ನಾಲ್ಕನೆಯವರಾಗಿ ನೆಕ್ಕಿದರು. ಮಲ್ಲಿಗೆಯನ್ನು ತಮ್ಮ ಪೇಟಕ್ಕೇ ಸುತ್ತಿಕೊಂಡು, ನಡುಬೀದಿಯಲ್ಲಿ ಕುಣಿದೇಬಿಟ್ಟರು.